ಥಾಯ್ಲೆಂಡಿನ ಲೀಸ್ ನಮ್ಮ ಲೀಸ್ ಅಲ್ಲ

ಪ್ರಶ್ನೆ: ನಾನು ಪಿಯು ಕಾಲೇಜಿನ ನಿವೃತ್ತ ಉಪನ್ಯಾಸಕ, ವಯಸ್ಸು 62. ಕಳೆದ ಡಿಸೆಂಬರ್‌ನಲ್ಲಿ ಪತ್ನಿಯೊಂದಿಗೆ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಹೋಗಿದ್ದೆ. ಊರು, ಹವೆ, ಖರ್ಚು ಎಲ್ಲವೂ ಹಿಡಿಸಿತು. ಕೆಲವು ವರ್ಷ ಅಲ್ಲಿಯೇ ಮನೆ ಮಾಡಿಕೊಂಡು ಇರೋಣವೆಂಬ ಆಸೆ. ಬ್ರೋಕರ್ ಒಬ್ಬರು 30 ವರ್ಷದ ಲೀಸ್‌ಗೆ ಒಂದು ತೋಟದ ಮನೆ ತೋರಿಸಿದರು. ಅವಧಿ ಮುಗಿದ ಮೇಲೆ ಹಣ ಹೇಗೂ ಮಕ್ಕಳ ಕೈಗೆ ಬರುತ್ತದಲ್ಲ, ತೆಗೆದುಕೊಳ್ಳಬಹುದೇ? ಕಡಿಮೆ ಖರ್ಚಿನ ದಾರಿ ಯಾವುದು?
– ಓದುಗರು, ದಾವಣಗೆರೆ

ಉತ್ತರ: ಹಣ ಕೊಡುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ನಿಮ್ಮ ಪತ್ರದಲ್ಲಿ ಎರಡು ಸಂದೇಹಗಳಿವೆ. ಒಂದು ಲೀಸ್ ಹಣದ್ದು, ಇನ್ನೊಂದು ಒಟ್ಟು ಖರ್ಚಿನದು. ಲೀಸ್ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಅಲ್ಲಿ ಎಡವಿದರೆ ಉಳಿದದ್ದಕ್ಕೆ ಅರ್ಥವೇ ಇಲ್ಲ.

ನಮ್ಮ ಕಡೆ ‘ಮನೆ ಲೀಸ್‌ಗೆ ಇದೆ’ ಎಂದು ಬೋರ್ಡು ತೂಗಿದರೆ ಅದು ಭೋಗ್ಯ. ಐದೋ ಹತ್ತೋ ಲಕ್ಷ ಒಟ್ಟಿಗೆ ಕೊಡುತ್ತೇವೆ, ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇರುತ್ತೇವೆ, ಮನೆ ಬಿಡುವ ದಿನ ಕೊಟ್ಟಷ್ಟೂ ಎಣಿಸಿ ತೆಗೆದುಕೊಳ್ಳುತ್ತೇವೆ. ಈ ಅಭ್ಯಾಸ ಇರುವವರಿಗೆ ಥಾಯ್ಲೆಂಡಿನ ಲೀಸ್ ಕೂಡ ಹಾಗೆಯೇ ಎಂದು ತೋರುವುದು ಸಹಜ. ಆದರೆ ಅಲ್ಲಿ 30 ವರ್ಷದ ಲೀಸ್ ಎಂದರೆ 30 ವರ್ಷದ ಬಾಡಿಗೆಯನ್ನು ಮುಂಗಡವಾಗಿ ತೆತ್ತಂತೆ. ಅವಧಿ ಮುಗಿದಾಗ ಮನೆಯೂ ಜಾಗವೂ ಮಾಲೀಕರಿಗೆ ಸೇರುತ್ತವೆ, ಹಣ ವಾಪಸ್ ಬರುವುದಿಲ್ಲ.

ಇನ್ನೂ ಒಂದು ಮಾತಿದೆ, ಬೇಸರಿಸಬೇಡಿ. ಥಾಯ್ ಕಾನೂನಿನಲ್ಲಿ ಬಾಡಿಗೆಯ ಹಕ್ಕು ಬಾಡಿಗೆದಾರನ ಜೀವಕ್ಕೆ ಅಂಟಿಕೊಂಡದ್ದು. ಕರಾರಿನಲ್ಲಿ ಬೇರೆ ರೀತಿ ಬರೆಸದಿದ್ದರೆ ಆತ ತೀರಿಕೊಂಡ ದಿನವೇ ಅದು ಮುಗಿಯುತ್ತದೆ. 62ನೆಯ ವಯಸ್ಸಿನಲ್ಲಿ 30 ವರ್ಷದ ಕಾಗದಕ್ಕೆ ಸಹಿ ಹಾಕುವವರು ಇದನ್ನು ಯೋಚಿಸಲೇಬೇಕು. ಜಾಹೀರಾತಿನಲ್ಲಿ ‘30+30+30’ ಎಂದು ಬರೆದಿರುತ್ತಾರೆ. ಕಾನೂನಿನಲ್ಲಿ ಒಮ್ಮೆಗೆ 30 ವರ್ಷವೇ ಗರಿಷ್ಠ. ಮುಂದಿನ ಎರಡು ಮೂವತ್ತುಗಳು ಬರೀ ಬಾಯಿಮಾತಿಗೆ ಸಮ. ಮೂರು ವರ್ಷ ಮೀರಿದ ಲೀಸ್ ಭೂ ಕಚೇರಿಯಲ್ಲಿ ನೋಂದಣಿ ಆಗದಿದ್ದರೆ ಮೂರೇ ವರ್ಷಕ್ಕೆ ಊರ್ಜಿತ.

ಹಾಗಾದರೆ ಕೊಂಡುಬಿಡಬಹುದಲ್ಲ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ವಿದೇಶಿಯರು ಅಲ್ಲಿ ಜಮೀನು ಕೊಳ್ಳುವಂತಿಲ್ಲ. ಸ್ಥಳೀಯರ ಹೆಸರಿನಲ್ಲಿ ಕಂಪನಿ ಮಾಡಿ ಕೊಡಿಸುತ್ತೇನೆ ಎನ್ನುವವರಿಂದ ದೂರವಿರಿ, ಅದು ಅಪರಾಧ. ಕಾಂಡೊಮಿನಿಯಂ, ಅಂದರೆ ಬಹುಮಹಡಿ ಕಟ್ಟಡದ ಫ್ಲ್ಯಾಟ್, ಕೊಳ್ಳಬಹುದು. ಒಂದು ಕಟ್ಟಡದಲ್ಲಿರುವ ಫ್ಲ್ಯಾಟುಗಳ ಒಟ್ಟು ವಿಸ್ತೀರ್ಣದಲ್ಲಿ ವಿದೇಶಿಯರ ಪಾಲು ಶೇ 49 ಮೀರಬಾರದು, ಹಣ ಹೊರದೇಶದಿಂದ ವಿದೇಶಿ ಕರೆನ್ಸಿಯಲ್ಲಿ ಬಂದಿರಬೇಕು. ಆದರೆ ಫ್ಲ್ಯಾಟು ನಿಮ್ಮದಾದ ಮಾತ್ರಕ್ಕೆ ಅಲ್ಲಿ ಇರುವ ಹಕ್ಕು ಸಿಗುವುದಿಲ್ಲ. ಅದಕ್ಕೆ ವೀಸಾ ಬೇರೆಯೇ ಬೇಕು.

ನಿವೃತ್ತರ ವೀಸಾಕ್ಕೆ 50 ವರ್ಷ ತುಂಬಿರಬೇಕು. ಅಲ್ಲಿನ ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. (ಬಾತ್ ಅಲ್ಲಿನ ನಾಣ್ಯ, ನಮ್ಮ ಬಿಸಿಬೇಳೆ ಬಾತಿಗೂ ಅದಕ್ಕೂ ನಂಟಿಲ್ಲ.) ಒಂದು ಬಾತ್‌ಗೆ ಎರಡೂವರೆ ರೂಪಾಯಿಗೂ ಹೆಚ್ಚು. ಹಾಗಾಗಿ ಠೇವಣಿಯೇ 20 ಲಕ್ಷ ದಾಟುತ್ತದೆ. ಉಪನ್ಯಾಸಕರ ಪಿಂಚಣಿಯಲ್ಲಿ ಎರಡನೆಯ ದಾರಿ ಕಷ್ಟ, ಠೇವಣಿಯ ದಾರಿಯೇ ನಿಮ್ಮದು. ಈ ಹಣ ಅರ್ಜಿಗೆ ಎರಡು ತಿಂಗಳು ಮುಂಚಿನಿಂದ ಖಾತೆಯಲ್ಲಿರಬೇಕು, ಮಂಜೂರಾದ ಮೇಲೂ ಮೂರು ತಿಂಗಳು ಮುಟ್ಟುವಂತಿಲ್ಲ, ಆಮೇಲೆ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಹಣ ನಿಮ್ಮದೇ, ಖರ್ಚಾಗುವುದಿಲ್ಲ. ಆದರೆ ಕೈಗೂ ಸಿಗುವುದಿಲ್ಲ. ಪತ್ನಿಯವರು ನಿಮ್ಮ ಅವಲಂಬಿತರಾಗಿ ಇರಬಹುದು, ಅವರ ಹೆಸರಿನಲ್ಲಿ ಮತ್ತೆ 8 ಲಕ್ಷ ಇಡಬೇಕಿಲ್ಲ. ಅದಕ್ಕೆ ಮದುವೆಯ ನೋಂದಣಿ ಪತ್ರ ಬೇಕು. ನಮ್ಮ ಕಾಲದಲ್ಲಿ ಮದುವೆಗೆ ಲಗ್ನಪತ್ರಿಕೆ, ಫೋಟೊ ಆಲ್ಬಮ್ ಇದ್ದರೆ ಆಯಿತು, ನೋಂದಣಿ ಮಾಡಿಸಿದವರು ಕಡಿಮೆ. ನೀವೂ ಮಾಡಿಸದಿದ್ದರೆ ಈಗಲೇ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಬನ್ನಿ.

ಹಣ ಕಳಿಸುವುದರಲ್ಲೂ ಒಂದು ಲೆಕ್ಕವಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಆರ್ಥಿಕ ವರ್ಷವೊಂದರಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ನಿಮಗೆ ಅದು ಧಾರಾಳವಾಯಿತು. ಆದರೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ 20ರಷ್ಟು ಟಿಸಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ವಸೂಲು ಮಾಡುತ್ತದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದಾಗ ಅದು ನಿಮ್ಮ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಿದ್ದರೆ ಮರಳಿ ಬರುತ್ತದೆ. ಅಲ್ಲಿಯವರೆಗೆ ಕಾಯುವುದು ಬೇಡವೆಂದರೆ ಮಾರ್ಚ್‌ನಲ್ಲಿ ಅರ್ಧ, ಏಪ್ರಿಲ್‌ನಲ್ಲಿ ಅರ್ಧ ಕಳಿಸಿ. ಹೊರೆ ಬಹುಪಾಲು ತಪ್ಪುತ್ತದೆ.

ಈ ವೀಸಾವನ್ನು ವರ್ಷ ವರ್ಷವೂ ನವೀಕರಿಸಬೇಕು, 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಇರುವ ಅನುಮತಿಯೇ ವರ್ಷದ್ದಾದಾಗ ಮನೆಯ ಕರಾರೂ ವರ್ಷದ್ದಾಗಿದ್ದರೆ ಸಾಕು. ಆದ್ದರಿಂದ ನನ್ನ ಸಲಹೆ ಬಾಡಿಗೆ ಮನೆ. ಅಲ್ಲಿ ಸಾಮಾನ್ಯವಾಗಿ ಎರಡು ತಿಂಗಳ ಠೇವಣಿ, ಮೇಲೆ ಮೊದಲ ತಿಂಗಳ ಬಾಡಿಗೆ ಕೊಟ್ಟರೆ ಕೀಲಿಕೈ ಸಿಗುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದು ನಂಬಲಾಗದ ಮಾತು. ಮಂಚ, ಬೀರು, ಫ್ರಿಜ್ಜು, ಎಸಿ ಮನೆಯೊಡನೆಯೇ ಬರುವುದು ಹೆಚ್ಚು. ಹಾಗಾಗಿ ಇಲ್ಲಿಂದ ಸಾಮಾನು ಹೊರುವ ಪ್ರಮೇಯವಿಲ್ಲ.

ಸಹಿ ಹಾಕುವ ಮೊದಲು ವಿದ್ಯುತ್ ದರ ಕೇಳಿ. ಕಾಂಡೊ ಆದರೆ ಬಿಲ್ಲು ವಿದ್ಯುತ್ ಇಲಾಖೆಯಿಂದ ನೇರ ಬರುತ್ತದೆ, ಯೂನಿಟ್‌ಗೆ ನಾಲ್ಕು ಬಾತ್ ಆಸುಪಾಸು. ಇಡೀ ಕಟ್ಟಡ ಒಬ್ಬರದೇ ಆಗಿರುವ ಅಪಾರ್ಟ್‌ಮೆಂಟುಗಳಲ್ಲಿ ಮಾಲೀಕರೇ ದರ ಹಾಕುತ್ತಾರೆ, ಏಳೆಂಟು ಬಾತ್ ಕೇಳುವುದೂ ಉಂಟು. ನಮ್ಮ ವಠಾರದ ಸಬ್ ಮೀಟರ್ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಏಪ್ರಿಲ್ ಸೆಕೆಯಲ್ಲಿ ಎಸಿ ಹಾಕಿದಾಗ ಈ ವ್ಯತ್ಯಾಸ ತಿಳಿಯುತ್ತದೆ.

ಮನೆ ನೋಡಲು ಪತ್ನಿಯವರನ್ನೂ ಕರೆದುಕೊಂಡು ಹೋಗಿ, ಮೊದಲು ಅಡುಗೆಮನೆ ನೋಡಿ. ಎಷ್ಟೋ ಫ್ಲ್ಯಾಟುಗಳಲ್ಲಿ ಅದು ಬರೀ ಒಂದು ಸಿಂಕು, ಮೊಳದಷ್ಟು ಕಟ್ಟೆ, ಮೇಲೊಂದು ಮೈಕ್ರೋವೇವ್. ಒಗ್ಗರಣೆ ಹಾಕಿದರೆ ಘಾಟು ಹಾಸಿಗೆಯವರೆಗೆ ಹೋಗುತ್ತದೆ. ಬಾಲ್ಕನಿಯಲ್ಲಿ ಒಲೆಗೆ ಜಾಗವಿರುವ ಮನೆ, ಅಥವಾ ಹಿತ್ತಿಲಲ್ಲಿ ತೆರೆದ ಅಡುಗೆಕಟ್ಟೆ ಇರುವ ಸಾಲುಮನೆ ಸಿಕ್ಕರೆ ಬಿಡಬೇಡಿ. ಹಲವು ಕಾಂಡೊಗಳಲ್ಲಿ ಗ್ಯಾಸ್ ಸಿಲಿಂಡರ್‌ಗೆ ಅನುಮತಿಯಿಲ್ಲ, ಇಂಡಕ್ಷನ್ ಒಲೆಯೇ ಗತಿ. ಮಾಮೂಲಿ ಅಲ್ಯುಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯಾಗುವುದಿಲ್ಲ. ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಒಯ್ಯಿರಿ. ಮಿಕ್ಸಿಯನ್ನೂ ಒಯ್ಯಬಹುದು, ವೋಲ್ಟೇಜು ಹೆಚ್ಚುಕಡಿಮೆ ನಮ್ಮದೇ, ಆದರೆ ನಮ್ಮ ಮೂರು ಪಿನ್ನಿನ ಪ್ಲಗ್ಗಿಗೆ ಅಡಾಪ್ಟರ್ ಬೇಕು. ನಲ್ಲಿಯ ನೀರು ಕುಡಿಯಬೇಡಿ. ಬೀದಿ ಬದಿಯ ಯಂತ್ರಕ್ಕೆ ನಾಣ್ಯ ಹಾಕಿ ಕ್ಯಾನಿನಲ್ಲಿ ಹಿಡಿದುಕೊಳ್ಳುವುದು ಅಲ್ಲಿನ ಪದ್ಧತಿ, ಲೀಟರಿಗೆ ಸುಮಾರು ಒಂದು ಬಾತ್. ನಮ್ಮ ಶುದ್ಧ ನೀರಿನ ಘಟಕದ ತಮ್ಮನೆಂದು ತಿಳಿಯಿರಿ.

ನವೆಂಬರ್‌ನಲ್ಲಿ ಪಿಂಚಣಿದಾರರ ಜೀವಿತ ಪ್ರಮಾಣಪತ್ರದ ಚಿಂತೆ ಬೇಡ. ಅದನ್ನು ಮಾಡಿಸಿಕೊಳ್ಳಲು ಚಿಯಾಂಗ್ ಮಾಯ್‌ನಲ್ಲೇ ಭಾರತದ ಕಾನ್ಸುಲೇಟ್ ಇದೆ.

ಕೊನೆಯದಾಗಿ, ನೀವು ಊರನ್ನು ನೋಡಿದ್ದು ಡಿಸೆಂಬರ್‌ನಲ್ಲಿ. ಅದು ವರ್ಷದ ಅತ್ಯುತ್ತಮ ಕಾಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಕಾಡು, ಹೊಲಗಳಿಗೆ ಬೆಂಕಿ ಬಿದ್ದು ಕಣಿವೆಯ ತುಂಬ ಹೊಗೆ ನಿಲ್ಲುತ್ತದೆ, ಊರಿನ ನೆತ್ತಿಯ ಮೇಲಿರುವ ದೊಯಿ ಸುಥೆಪ್ ಬೆಟ್ಟವೇ ಎಷ್ಟೋ ದಿನ ಕಾಣುವುದಿಲ್ಲ. ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ಮಾರ್ಚ್‌ನಲ್ಲಿ ಹದಿನೈದು ದಿನ ಇದ್ದು ಬನ್ನಿ.