ಎದೆಮೂಳೆ ಸೀಳದ ಬೈಪಾಸ್: ನಿರ್ಧಾರಕ್ಕೆ ಮುನ್ನ ತಿಳಿಯಬೇಕಾದದ್ದು

ಹಾನಗಲ್ಲಿನ ಭತ್ತದ ಗದ್ದೆಯಲ್ಲಾಗಲಿ ಸವಣೂರಿನ ಎಲೆತೋಟದಲ್ಲಾಗಲಿ ಮೈಮುರಿದು ದುಡಿಯುವವರಿಗೆ, ಬೈಪಾಸ್ ಎಂಬ ಮಾತು ಕಿವಿಗೆ ಬಿದ್ದೊಡನೆ, ಇನ್ನು ಭಾರ ಎತ್ತಲಾದೀತೇ ಎಂಬ ಚಿಂತೆ ಆವರಿಸುವುದು ಸಹಜ. ಎದೆಮೂಳೆಯನ್ನು ಸೀಳದೆಯೇ ಈ ಶಸ್ತ್ರಚಿಕಿತ್ಸೆಯನ್ನು ನೆರವೇರಿಸುವ ಮಾರ್ಗವೊಂದುಂಟು; ಆದರೆ ಅದನ್ನು ಗಾಯದ ಅಳತೆಯಿಂದಲ್ಲದೆ ಹೃದಯದ ಸ್ಥಿತಿಯಿಂದ ನಿರ್ಣಯಿಸತಕ್ಕದ್ದು.

1. ವಿಧಾನವನ್ನು ಅರಿಯಿರಿ: ಎಡಸ್ತನದ ಕೆಳಗೆ ಪಕ್ಕೆಲುಬುಗಳ ನಡುವೆ ಸುಮಾರು 5ರಿಂದ 8 ಸೆಂ.ಮೀ. ಛೇದನ ಮಾಡಿ, ಎದೆಯ ಒಳಗೋಡೆಯ ಎಡ ಅಪಧಮನಿಯನ್ನು ಬಿಡಿಸಿಕೊಂಡು, ಸಾಮಾನ್ಯವಾಗಿ ಹೃದಯವನ್ನು ನಿಲ್ಲಿಸದೆ, ಹೊಲಿಗೆ ಹಾಕುವ ಜಾಗವಷ್ಟನ್ನೇ ಉಪಕರಣವೊಂದರಿಂದ ಅಲುಗದಂತೆ ಹಿಡಿದು, ಮುಂಭಾಗದ ಮುಖ್ಯ ರಕ್ತನಾಳಕ್ಕೆ ಬ್ಲಾಕಿನ ಆಚೆ ಕೂದಲೆಳೆಯಂಥ ದಾರದಿಂದ ಜೋಡಿಸುತ್ತಾರೆ. 1964ರಲ್ಲಿಯೇ ಲೆನಿನ್‌ಗ್ರಾಡಿನ ವಾಸಿಲಿ ಕೊಲೆಸೊವ್ ಎಡಪಕ್ಕೆಯ ಮೂಲಕ, ಮಿಡಿಯುವ ಹೃದಯದ ಮೇಲೆ ಇಂತಹ ಜೋಡಣೆ ನಡೆಸಿದ್ದರು.

2. ಅರ್ಹತೆಯನ್ನು ಪರೀಕ್ಷಿಸಿಕೊಳ್ಳಿ: ಆಂಜಿಯೋಗ್ರಾಮ್ ಮತ್ತು ಎಕೋ ವರದಿಗಳನ್ನು ಶಸ್ತ್ರವೈದ್ಯರಿಗೆ ತೋರಿಸಿ. ಬ್ಲಾಕ್ ಮುಂಭಾಗದ ನಾಳದಲ್ಲಿದ್ದರೆ ಈ ಮಾರ್ಗ ಸುಗಮ. ಶಸ್ತ್ರಕ್ರಿಯೆಯ ವೇಳೆ ಎಡ ಶ್ವಾಸಕೋಶವನ್ನು ಕುಗ್ಗಿಸಿಡಬೇಕಾಗುವುದರಿಂದ ತೀವ್ರ ಉಬ್ಬಸವುಳ್ಳವರಿಗೂ, ಹಾಗೆಯೇ ಹೃದಯ ಬಹಳ ದುರ್ಬಲವಾದವರಿಗೂ ತುರ್ತು ಸ್ಥಿತಿಯವರಿಗೂ, ರೂಢಿಯ ಮಾರ್ಗವೇ ಬಹುಮಟ್ಟಿಗೆ ಕ್ಷೇಮಕರ.

3. ಸಂಕೋಚವಿಲ್ಲದೆ ಕೇಳಿ: ಈ ವಿಧಾನದಲ್ಲಿ ತಮ್ಮ ಅನುಭವವೆಷ್ಟು? ಎಲ್ಲ ಬ್ಲಾಕುಗಳಿಗೂ ಜೋಡಣೆಯಾಗುವುದೋ, ಉಳಿದವಕ್ಕೆ ಸ್ಟೆಂಟ್ ಬೇಕೋ? ನಡುವೆ ತೊಡಕಾದರೆ ಎದೆಮೂಳೆ ತೆರೆಯುವ ಸಿದ್ಧತೆಯಿದೆಯೇ?

4. ಸ್ಥಳ, ವೆಚ್ಚಗಳನ್ನು ವಿಚಾರಿಸಿ: ಶಿಗ್ಗಾಂವಿಯವರಿಗೆ ಹೆದ್ದಾರಿಯಲ್ಲಿ ಹುಬ್ಬಳ್ಳಿ–ಧಾರವಾಡ ಸಮೀಪ, ಹಿರೇಕೆರೂರಿನವರು ದಾವಣಗೆರೆ, ಶಿವಮೊಗ್ಗಗಳಲ್ಲಿಯೂ ವಿಚಾರಿಸಬಹುದು, ಬೆಂಗಳೂರಿನಲ್ಲಿ ಸರಕಾರದ ಜಯದೇವ ಸಂಸ್ಥೆಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಈ ವಿಧಾನಕ್ಕೂ ಅದು ಅನ್ವಯಿಸುವುದೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ಮೊದಲೇ ಖಚಿತಪಡಿಸಿಕೊಳ್ಳಿ.

5. ಚೇತರಿಕೆಯ ನಿಯಮ ಪಾಲಿಸಿ: ಸೀಳಿದ ಎದೆಮೂಳೆ ಕೂಡಿಕೊಳ್ಳಲು 6ರಿಂದ 12 ವಾರ ಬೇಕಾದರೆ, ಇಲ್ಲಿ ಹಾಗೆ ಕಾಯಬೇಕಿಲ್ಲ, ಆದರೂ ಮೊದಲ ದಿನಗಳಲ್ಲಿ ಪಕ್ಕೆ ಚೆನ್ನಾಗಿಯೇ ನೋಯುತ್ತದೆ. ಕೆಮ್ಮು ಬಂದಾಗ ದಿಂಬೊಂದನ್ನು ಎದೆಗೆ ಅವಚಿಕೊಂಡು ಕೆಮ್ಮಬೇಕು. ಗಾಯ ಚಿಕ್ಕದೆಂದು ಬೇಗ ನೊಗ ಹೂಡಲು ಹೋಗದೆ ವೈದ್ಯರ ಅಪ್ಪಣೆ ಪಡೆಯಿರಿ. ಬೀಡಿ, ಗುಟ್ಕಾಗಳನ್ನು ಶಾಶ್ವತವಾಗಿ ತೊರೆಯಿರಿ. ಆ್ಯಸ್ಪಿರಿನ್ ಮಾತ್ರೆಯನ್ನು ವೈದ್ಯರು ಹೇಳದ ಹೊರತು ನಿಲ್ಲಿಸಬೇಡಿ.

ಎದೆನೋವು ಈಗಲೇ ಕಾಣಿಸಿಕೊಂಡಿದ್ದರೆ ವಿಧಾನಗಳ ವಿಚಾರವನ್ನು ಬದಿಗಿಟ್ಟು, 108ಕ್ಕೆ ಕರೆಮಾಡಿ, ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಇ.ಸಿ.ಜಿ. ಮಾಡಿಸಿ.