ಮುಂದಾಳುವಿನ ಲೆಕ್ಕ

ನಿಮ್ಮಲ್ಲಿ ಹಲವರು ಪಾಲನಾ ಸಮಿತಿಯಲ್ಲಿದ್ದೀರಿ, ಸಂಘಗಳನ್ನು, ಗಾನವೃಂದವನ್ನು ನಡೆಸುತ್ತಿದ್ದೀರಿ. ಉಳಿದವರು ಮನೆಯನ್ನಾದರೂ ನಡೆಸುವವರೇ. ನಿಮ್ಮ ಮುಂದಾಳತ್ವ ಫಲ ಕೊಟ್ಟಿದೆಯೇ ಎಂದು ಹೇಗೆ ತಿಳಿಯುತ್ತೀರಿ? ಹಬ್ಬಕ್ಕೆ ಎಷ್ಟು ಜನ ಬಂದರು, ಎಷ್ಟು ಎಲೆ ಊಟವಾಯಿತು ಎಂದು ಎಣಿಸುವುದು ನಮ್ಮ ರೂಢಿ. ಎಣಿಸುವುದು ತಪ್ಪಲ್ಲ, ಅಡುಗೆಯವರಿಗಂತೂ ಅದು ಬೇಕೇ ಬೇಕು!

ಪ್ರವಾದಿ ಸಮುವೇಲನ ಅಳತೆ ಬೇರೆ. ಸಮುವೇಲನ ಮೊದಲನೆಯ ಗ್ರಂಥದ 12ನೇ ಅಧ್ಯಾಯವನ್ನು ತೆರೆದು ನೋಡಿ. ತಲೆ ನರೆತ ಪ್ರವಾದಿ ಹೊಸ ಅರಸ ಸೌಲನ ಸಮ್ಮುಖದಲ್ಲೇ ಜನರೆದುರು ನಿಂತು, ತಾನು ಯಾರ ಎತ್ತು, ಯಾರ ಕತ್ತೆಯನ್ನು ಕಸಿದುಕೊಂಡೆ, ಯಾರನ್ನು ಪೀಡಿಸಿದೆ, ಯಾರಿಂದ ಲಂಚ ಪಡೆದೆ ಎಂದು ಕೇಳುತ್ತಾನೆ. ಇದ್ದರೆ ಹಿಂದಿರುಗಿಸಲು ಸಿದ್ಧ. ಗಮನಿಸಿ, ತನಗೆ ತಾನೇ ತೀರ್ಪು ಕೊಟ್ಟುಕೊಳ್ಳುವುದಿಲ್ಲ. ನೊಂದವನು ಬಾಯಿ ಬಿಡಲೆಂದು ಕಾಯುತ್ತಾನೆ. ಜನ ಅವನ ಪ್ರಾಮಾಣಿಕತೆಗೆ ಸಾಕ್ಷಿ ನುಡಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯೂ ವಿಶ್ವಾಸಿಗಳ ಕಾಣಿಕೆಯ ಲೆಕ್ಕವನ್ನು ವಿಶ್ವಾಸಿಗಳಿಗೇ ಒಪ್ಪಿಸಬೇಕೆಂದು 1287ನೇ ವಿಧಿಯಲ್ಲಿ ಹೇಳುತ್ತದೆ. ರಸೀದಿ ಪುಸ್ತಕ ಇಡುವುದೂ ಭಕ್ತಿಯ ಕೆಲಸವೇ.

ಆದರೆ ನಾಲ್ಕು ಅಧ್ಯಾಯ ಹಿಂದಕ್ಕೆ ಬನ್ನಿ. ಸಮುವೇಲನು ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ನೇಮಿಸಿದ ಅವನ ಇಬ್ಬರು ಮಕ್ಕಳು, ಯೋವೇಲ ಮತ್ತು ಅಬೀಯ, ಲಂಚ ತಿಂದು ನ್ಯಾಯ ಕೆಡಿಸಿದ್ದರು. ನಮಗೊಬ್ಬ ಅರಸ ಬೇಕೆಂದು ಹಿರಿಯರು ಕೇಳಿದಾಗ ಮೊದಲು ಎತ್ತಿದ ಮಾತೇ ಅವನ ಮುಪ್ಪು ಮತ್ತು ಈ ಮಕ್ಕಳ ನಡತೆ. ಯಾಜಕ ಏಲಿಯ ಮಕ್ಕಳ ದುರ್ನಡತೆಗೆ ಬರಲಿದ್ದ ದಂಡನೆಯನ್ನು ಎಳೆಯ ವಯಸ್ಸಿನಲ್ಲಿ ಏಲಿಗೇ ತಿಳಿಸಬೇಕಾಗಿ ಬಂದಿದ್ದವನೂ ಇದೇ ಸಮುವೇಲ! ಎತ್ತು-ಕತ್ತೆಗಳ ಲೆಕ್ಕ ಚೊಕ್ಕವಾಗಿತ್ತು. ತನ್ನ ನಂತರದವರ ಲೆಕ್ಕ ತಪ್ಪಿತ್ತು.

ನಮ್ಮ ಧರ್ಮಕೇಂದ್ರಗಳಲ್ಲಿ ನಾವು ಹೆಚ್ಚಾಗಿ ಮರೆಯುವುದು ಈ ಎರಡನೆಯ ಲೆಕ್ಕವನ್ನೇ ಎಂದು ನನಗನಿಸುತ್ತದೆ. ನೀವು ಒಂದು ತಿಂಗಳು ಊರಲ್ಲಿಲ್ಲದಿದ್ದರೆ ಸಂಘದ ಸಭೆ ನಡೆಯುತ್ತದೆಯೇ? ಬೀಗದ ಕೈ, ಲೆಕ್ಕದ ಪುಸ್ತಕ ಇನ್ನೊಬ್ಬರ ಕೈಯಲ್ಲೂ ಇರುತ್ತದೆಯೇ? ನಿಮ್ಮ ಮುಖ ನೋಡಿ "ಇದು ಸರಿಯಲ್ಲ" ಎನ್ನಬಲ್ಲ ಯುವಕನೊಬ್ಬ ಸಮಿತಿಯಲ್ಲಿದ್ದಾನೆಯೇ? ಮನೆಯಲ್ಲೂ ಅಷ್ಟೇ: ನೀವು ಇಲ್ಲದ ಸಂಜೆ ಮಕ್ಕಳು ತಾವಾಗಿಯೇ ಜಪಸರ ಹಿಡಿಯುತ್ತಾರೆಯೇ?

ಉತ್ತರವನ್ನು ಆಪ್ತರಲ್ಲಿ ಕೇಳಬೇಡಿ, ಅವರು ಹೊಗಳುತ್ತಾರೆ. ಹೆಸರು ಪಟ್ಟಿಯಲ್ಲಿದ್ದೂ ಸಭೆಗೆ ಬರುವುದನ್ನು ಬಿಟ್ಟವರ ಮನೆಗೆ ಈ ವಾರ ಹೋಗಿ ಕುಳಿತುಕೊಳ್ಳಿ. ಅವರು ಹೇಳುವುದನ್ನು ಪೂರ್ತಿ ಕೇಳಿ, ನಡುವೆ ಸಮರ್ಥನೆ ಬೇಡ.