ಗೋದಿಯ ಹಿಂದೆ ಜೋಳ ಹಾಕಿಸಬೇಡ

ಮಗಳೇ,

ಸೀಲಿಯಾಕ್ ಇದೆ, ಇನ್ನು ಜೀವಮಾನವಿಡೀ ಗೋದಿ ಮುಟ್ಟಬಾರದು ಎಂದು ಡಾಕ್ಟರು ಹೇಳಿದ ದಿನದಿಂದ ಮುಂಜಾನೆ ಏನು ತಿನ್ನಲಿ ಎಂಬುದೇ ನಿನಗೆ ಚಿಂತೆ. ಇಬ್ರಾಹಿಂಪುರದ ಈ ಥಂಡಿಯಲ್ಲಿ ಪಕ್ಕದ ಮನೆಯ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬಂದಾಗ ನಿನ್ನ ಮುಖ ಬಾಡುವುದನ್ನು ಕಂಡಿದ್ದೇನೆ. ಪೇಟೆಯಿಂದ ದುಬಾರಿ ಪಾಕೀಟು ತರಿಸುವ ಮೊದಲು ನಮ್ಮ ಬಿಳಿಜೋಳದ ಡಬ್ಬಿ ತೆರೆ.

ಜೋಳದಲ್ಲಿ ಗ್ಲುಟೆನ್ ಇಲ್ಲ. ಗೋದಿಯ ಜಿಗಿ ಇಲ್ಲದ್ದರಿಂದಲೇ ಅದಕ್ಕೆ ಕುದಿಯುವ ಎಸರು ಹಾಕಿ ನಾದುತ್ತೇವೆ, ಅಂಗೈಯಿಂದ ಬಡಿಯುತ್ತೇವೆ. ಚಳಿಗೆ ಮುಟಗಿ ಮಾಡಿಕೋ. ರೊಟ್ಟಿ ತುಸು ದಪ್ಪ ಇರಲಿ. ಹಂಚಿನಿಂದ ಇಳಿದ ಕೂಡಲೇ ಮುರಿದು, ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪಿನ ಜೊತೆ ಒರಳಲ್ಲಿ ಕುಟ್ಟು. ಮೇಲೆ ತುಪ್ಪ ಬಿಟ್ಟು ಮುಷ್ಟಿಯಲ್ಲಿ ಉಂಡೆ ಕಟ್ಟು. ಆರಿದರೆ ಅದಕ್ಕೆ ರುಚಿ ಇಲ್ಲ, ಒಲೆಯ ಮುಂದೆಯೇ ತಿನ್ನಬೇಕು. ಗಡಿಬಿಡಿಯ ದಿನಕ್ಕೆ ಜೋಳದ ನುಚ್ಚು ರಾತ್ರಿಯೇ ನೆನೆಹಾಕು, ಮುಂಜಾನೆ ಬೇಯಿಸಿ ಬಿಸಿ ಹಾಲು, ಬೆಲ್ಲ ಹಾಕಿಕೋ. ಸಂಕ್ರಾಂತಿ ಸುತ್ತ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇದ್ದೇ ಇದೆ. ಸಜ್ಜೆಯಲ್ಲೂ ಗ್ಲುಟೆನ್ ಇಲ್ಲ.

ಆದರೆ ಧಾನ್ಯ ಸರಿ ಇದ್ದ ಮಾತ್ರಕ್ಕೆ ಹಿಟ್ಟು ಸರಿ ಇರುವುದಿಲ್ಲ. ಇದನ್ನು ನಾನು ತಡವಾಗಿ ಕಲಿತೆ. ಹೋದ ಚಳಿಗಾಲದಲ್ಲಿ ಗಿರಣಿಯಲ್ಲಿ ಯಾರದೋ ಗೋದಿ ಇಳಿದ ಬೆನ್ನಲ್ಲೇ ನಮ್ಮ ಜೋಳ ಹಾಕಿಸಿಕೊಂಡು ಬಂದೆ. ಆ ಹಿಟ್ಟಿನ ರೊಟ್ಟಿ ತಿಂದು ನೀನು ನಾಲ್ಕು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದೆ. ಅದು ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ‘ಗ್ಲುಟೆನ್ ಇಲ್ಲ’ ಎಂದು ಪಾಕೀಟಿನ ಮೇಲೆ ಬರೆಯಬೇಕಾದರೆ ಒಂದು ಕಿಲೋದಲ್ಲಿ ಅದು 20 ಮಿಲಿಗ್ರಾಂ ಮೀರುವಂತಿಲ್ಲ. ಒಂದು ಚಿಟಿಕೆ ಗೋದಿ ಹಿಟ್ಟು ಬಿದ್ದರೂ ಆ ಮಿತಿ ದಾಟುತ್ತದೆ, ಗಿರಣಿಯ ಕಲ್ಲಿನ ಸಂದಿಯಲ್ಲಿ ಉಳಿಯುವುದು ಅದಕ್ಕಿಂತ ಎಷ್ಟೋ ಹೆಚ್ಚು. ಅದಕ್ಕೇ ಮನೆಗೆ ಸಣ್ಣ ಗಿರಣಿ ತರಿಸಿದೆ. ಅದರಲ್ಲಿ ಒಂದು ಹಿಡಿ ಗೋದಿಯನ್ನೂ ಯಾರಿಗೂ ಹಾಕಗೊಡಬೇಡ, ನೆಂಟರು ಬೇಸರ ಮಾಡಿಕೊಂಡರೂ ಸರಿ. ಜೋಳ ತಂದ ಮೇಲೆ ಮರದಲ್ಲಿ ಹಾಕಿ ಕೇರಿ, ಕಾಳು ಆರಿಸು. ಚೀಲದೊಳಗೆ ಗೋದಿ ಕಾಳು ಬೆರೆತಿರುತ್ತವೆ.

ಇಂಗಿನ ಡಬ್ಬಿಯ ಚೀಟಿ ಓದು. ಪೇಟೆಯ ಇಂಗಿನಲ್ಲಿ ಬಹಳ ಸಲ ಗೋದಿ ಹಿಟ್ಟು ಬೆರೆಸಿರುತ್ತಾರೆ. ಹೋಟೆಲಿನ ಅವಲಕ್ಕಿಯಲ್ಲಿ ಗೋದಿ ಇಲ್ಲ ನಿಜ, ಆದರೆ ಉಪ್ಪಿಟ್ಟು ತಿರುವಿದ ಸೌಟನ್ನೇ ಅದಕ್ಕೂ ಹಾಕಿರುತ್ತಾರೆ. ಕೇಳಲು ನಾಚಬೇಡ.

‘ಒಂದು ತುತ್ತಿಗೆ ಏನಾಗುತ್ತದೆ’ ಎನ್ನುವ ಹಿರಿಯರಿಗೆ ಡಚ್ ವೈದ್ಯ ವಿಲ್ಲೆಮ್ ಡಿಕ್ಕೆಯ ವಿಷಯ ಹೇಳು. 1944-45ರ ಚಳಿಗಾಲದ ಬರದಲ್ಲಿ ನೆದರ್ಲೆಂಡ್ಸಿನಲ್ಲಿ ಬ್ರೆಡ್ಡಿಗೆ ತತ್ವಾರವಾಗಿ, ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿದಾಗ ಮತ್ತೆ ಹಾಸಿಗೆ ಹಿಡಿದರು. ಗೋದಿಯ ಮೇಲೆ ಅವನಿಗೆ ಮೊದಲೇ ಇದ್ದ ಅನುಮಾನ ಆಗ ಗಟ್ಟಿಯಾಯಿತು.

ಇನ್ನೊಂದು ಮಾತು. ಈ ಕಾಯಿಲೆ ಒಡಹುಟ್ಟಿದವರಲ್ಲೂ ಇರಬಹುದು. ನಿನ್ನನ್ನು ನೋಡಿ ತಮ್ಮನೂ ಚಪಾತಿ ಬಿಡುತ್ತೇನೆ ಎನ್ನುತ್ತಿದ್ದಾನೆ. ಈಗಲೇ ಬಿಡಬೇಡ ಎನ್ನು. ಗೋದಿ ಬಿಟ್ಟ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಇದ್ದ ಕಾಯಿಲೆಯೂ ಕಾಣದೆ ಹೋಗಬಹುದು. ಈ ವಾರವೇ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಬರುವಷ್ಟರಲ್ಲಿ ನಾನು ಎಸರಿಟ್ಟಿರುತ್ತೇನೆ.